ನನ್ನ ಕೈ ಮೇಲಾದ ಕತೆ

ಬೀಗರಾಗುವವರ ಎದುರು ತಗ್ಗುವುದಿಲ್ಲ ಎಂದು ನಾನು ಖಡಾಖಂಡಿತವಾಗಿ ತೀರ್ಮಾನಿಸಿದ್ದೆ. ಹೆಣ್ಣಿನ ಅಪ್ಪ ಎಂದ ಮಾತ್ರಕ್ಕೆ ಹಲ್ಲು ಕಿರಿದು, ಕೈ ಕಟ್ಟಿ ನಿಲ್ಲಬೇಕೆ? ಸಾಧ್ಯವೇ ಇಲ್ಲ! ನನ್ನ ಕೈಯೇ ಮೇಲಾಗಬೇಕು! ಹಾಗೆಂದು ದೇವರಲ್ಲೂ ಕೇಳಿಕೊಂಡೆ. ದೇವರು ಬಹಳ ಒಳ್ಳೆಯವನು, ಆದರೆ ಹೇಳಿದ ಮಾತನ್ನು ಹೇಳಿದ ಹಾಗೆಯೇ ನಡೆಸಿಕೊಡುತ್ತಾನೆ ಎಂಬುದು ನನಗೆ ಗೊತ್ತಿರಲಿಲ್ಲ.

ನಾನು ಲೀಲಾಧರ. ನಾವುಂದದಲ್ಲಿ ಹೆದ್ದಾರಿಯ ಪಕ್ಕ ಬಲೆ, ಹಗ್ಗ, ಬೋಟಿನ ಸಾಮಾನುಗಳ ಅಂಗಡಿ ಇಟ್ಟುಕೊಂಡಿದ್ದೇನೆ. ಹೆಂಡತಿ ಪದ್ದು. ಒಬ್ಬಳೇ ಮಗಳು ನಿಖಿತಾ, ಉಡುಪಿಯ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಅಲ್ಲಿಯೇ ಪಿ.ಜಿ.ಯಲ್ಲಿದ್ದು ರಜೆ ಸಿಕ್ಕಾಗ ಮನೆಗೆ ಬರುತ್ತಾಳೆ. ಹಂಗಾರಕಟ್ಟೆಯ ಯತೀಶ್ ಎಂಬ ವಾಲಿಬಾಲ್ ಆಟಗಾರ ಪಾದ ಉಳುಕಿಸಿಕೊಂಡು ಅವಳ ಹತ್ತಿರ ಹೋಗಿದ್ದ. ಪಾದ ಸರಿಯಾಯಿತು. ಆದರೂ ಹೋಗುತ್ತಲೇ ಇದ್ದ. ಕೊನೆಗೆ ವಿಷಯ ಎರಡೂ ಮನೆಯವರ ಕಿವಿಗೆ ಬಿತ್ತು. ಹುಡುಗ ಒಳ್ಳೆಯವನು, ಅಪ್ಪನ ಜೊತೆ ಬೋಟ್ ಕಟ್ಟುವ ಕೆಲಸದಲ್ಲಿದ್ದಾನೆ, ಯಾರಿಗೂ ತಕರಾರಿಲ್ಲ. ಭಾನುವಾರ ಅವರು ನಮ್ಮ ಮನೆಗೆ ಬಂದು ಮಾತುಕತೆ ಮುಗಿಸುವುದು ಎಂದಾಯಿತು.

ಅದಕ್ಕೆ ಮೊದಲು ಕುಂದಾಪುರದ ಒಂದು ಮದುವೆಯಲ್ಲಿ ಹುಡುಗನ ಅಪ್ಪ ಕುಷ್ಟಣ್ಣ ಊಟದ ಪಂಕ್ತಿಯಲ್ಲಿ ನನ್ನ ಪಕ್ಕವೇ ಸಿಕ್ಕಿದರು. ಎಲ್ಲಾ ಅಲ್ಲಿಂದ ಶುರು.

“ನಮ್ ಯತೀಶಂಗೆ ಆಟ ನನ್ನಿಂದ್ಲೇ ಬಂದದ್,” ಎಂದರು ಅವರು, ಎಲೆಯ ಪಾಯಸ ಸೊರಸೊರ ಸುರಿಯುತ್ತಾ. “ನಾನ್ ಡಿಫೆನ್ಸಿಗೆ ನಿಂತ್ರೆ ಬಾಲ್ ನೆಲ ಮುಟ್ಟುದೇ ಇಲ್ಲೆ!”

ಸುಮ್ಮನೆ ಹಪ್ಪಳ ಮುರಿದುಕೊಂಡು ತಿಂದಿದ್ದರೆ ಈ ಕತೆ ಹುಟ್ಟುತ್ತಿರಲಿಲ್ಲ. ಆದರೆ ಹೆಣ್ಣಿನ ಅಪ್ಪ ತಗ್ಗಬಾರದಲ್ಲ!

“ಹೌದಾ? ನಾನ್ ಸ್ಮ್ಯಾಷ್ ಹೊಡದ್ರೆ ಬಾಲ್ ನೆಲ ಬಿಟ್ ಏಳುದೇ ಇಲ್ಲೆ!” ಎಂದೆ.

ಕುಷ್ಟಣ್ಣ ಸುರಿಯುವುದನ್ನು ನಿಲ್ಲಿಸಿದರು. ನೆಲ ಮುಟ್ಟದ ಚೆಂಡು, ನೆಲ ಬಿಟ್ಟೇಳದ ಚೆಂಡು ಒಂದೇ ಪಂಕ್ತಿಯಲ್ಲಿ ಊಟ ಮಾಡುವುದು ಹೇಗೆ?

“ಹಂಗಾರೆ ಆಯ್ತಾರ ನಿಮ್ ಮನಿಗೆ ಬಪ್ಪುದಿತ್ತಲೆ. ಮಾತುಕತಿ ಮುಗ್ದ್ ಮೇಲೆ ಒಂದ್ ಆಟ ಕಾಂಬ!”

“ಕಾಂಬ ಅಂದ್ರೆ ಕಾಂಬ!”

ಬಸ್ಸಿನಲ್ಲಿ ಮನೆಗೆ ಬರುವಾಗ ಪದ್ದು ಶುರು ಮಾಡಿದಳು. “ನಿಮ್ಗೆ ಮೇಲಿನ್ ಹಲಗಿಂದ ಉಪ್ಪಿನಕಾಯಿ ಭರಣಿ ತೆಗುಕೆ ಸ್ಟೂಲ್ ಬೇಕ್. ನೆಟ್ಟಿನ್ ಮೇಲೆ ಹಾರ್ತ್ರಿಯಾ?”

“ಕಾಲೇಜಂಗೆ ಇಪ್ಪತಿಗೆ ನಾನ್ ಹಾರದ್ದ್ ನಿಂಗ್ ಗೊತ್ತಿಲ್ಲೆ ಮಾರಾಯ್ತಿ!”

“ಆಗ ನಿಮ್ ಹೊಟ್ಟಿ ಎಲ್ಲಿತ್ತ್? ಈಗ ಅದೂ ಹಾರ್ಕಲ್ದಾ, ನಿಮ್ ಒಟ್ಟಿಗೆ?”

ಹೆಂಗಸರಿಗೆ ಕ್ರೀಡೆಯ ಘನತೆ ತಿಳಿಯುವುದಿಲ್ಲ ಎಂದು ಕಿಟಕಿಯ ಹೊರಗೆ ನೋಡಿದೆ. ಕಾಲೇಜಿನಲ್ಲಿ ನಾನು ಆಡಿದ್ದು ನಿಜವೇ. ಆಮೇಲಿನ ನನ್ನ ವ್ಯಾಯಾಮವೆಂದರೆ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವುದು, ಸಂಜೆ ಇಳಿಸುವುದು. ಅದಕ್ಕೂ ಕಳೆದ ವರ್ಷ ಮೋಟಾರು ಹಾಕಿಸಿದ್ದೆ.

ಸುದ್ದಿ ಮಗಳಿಗೆ ಹೋಯಿತು. ಅವಳು ಫೋನಿನಲ್ಲಿ ನನಗೆ ಪಾಠ ಮಾಡಿದಳು.

“ಅಪ್ಪಯ್ಯ, ಸ್ಮ್ಯಾಷ್ ಅಂದ್ರೆ ಬರೀ ಕೈ ಅಲ್ಲ. ಹಾರುಕೆ ತೊಡಿ ಬೇಕ್, ಮೀನಖಂಡ ಬೇಕ್. ಹಿಂದೆ ಬಗ್ಗಿ ಹೊಡುಕೆ ಬೆನ್ನ್, ಹೊಟ್ಟಿ ಸ್ನಾಯು ಬೇಕ್. ಇಳುವತಿಗೆ ಮಂಡಿಚಿಪ್ಪಿನ್ ಮೇಲೆ ಪೂರ್ತಿ ಭಾರ ಬೀಳತ್ತ್…”

“ಮೀನಖಂಡ ಅಂದ್ರೆ ಎಂತ?”

“ಮಂಡಿ ಕೆಳ್ಗೆ, ಕಾಲಿನ್ ಹಿಂದಿನ್ ಮಾಂಸ. ಮೀನಿನ್ ಹಂಗೆ ಕಾಣತ್ತಲೆ, ಅದೇ.”

“ಹಂಗಾರೆ ಚಿಂತಿ ಇಲ್ಲೆ! ಸಣ್ಣಿಂದ ಬಂಗ್ಡಿ, ಬೂತಾಯಿ ತಿಂದ್ ಬೆಳ್ಸದ್ ಮೀನಖಂಡ ಇದ್!”

“ಭುಜದ್ ಒಳ್ಗೆ ರೊಟೇಟರ್ ಕಫ್ ಅಂದೇಳಿ ಇತ್ತ್…”

“ಕಫ ನಂಗಿಲ್ಲೆ ಮಗಾ! ಒಂದ್ ಬೀಡಿ ಮುಟ್ಟದ್ ಎದಿ!”

“ಕಫ ಅಲ್ಲ ಅಪ್ಪಯ್ಯ, ಕಫ್! ತೋಳಿನ್ ಎಲುಬನ್ನ ಭುಜಕ್ಕೆ ಹಿಡ್ದ್ ಇಟ್ಕಂಬ ಸ್ನಾಯು. ವಯಸ್ಸಾದ್ರೆ ಅದ್ ಹಳೆ ಹಗ್ಗದ್ ಹಂಗೆ, ಎಳದ್ರೆ ಎಳೆ ಬಿಡತ್ತ್.”

“ನಂಗೇ ಹಗ್ಗದ್ ಪಾಠ ಮಾಡ್ತ್ಯಾ?” ಎಂದು ಫೋನ್ ಇಟ್ಟೆ. ಹಗ್ಗ ಮಾರಿಯೇ ಅವಳನ್ನು ಓದಿಸಿದವನಲ್ಲವೇ ನಾನು!

ಶನಿವಾರ ಸಂಜೆ ಅಭ್ಯಾಸಕ್ಕೆಂದು ಮೈದಾನಕ್ಕೆ ಹೋದೆ. ಊರಿನ ತಂಡದ ಕ್ಯಾಪ್ಟನ್ ಪ್ರವೀಣ್, ವಯರಿಂಗ್ ಕೆಲಸದವನು, ನನ್ನನ್ನು ನೋಡಿ ಎದ್ದು ನಿಂತ. ನಾನು ಆಡಲು ಬಂದಿದ್ದೇನೆಂದು ತಿಳಿದಾಗ ಮತ್ತೆ ಕುಳಿತುಕೊಂಡ.

“ಲೀಲಾಧರಣ್ಣ, ವಾಚ್ ತೆಗ್ದ್ ಇಡಿ,” ಎಂದ. ಪದ್ದುವೂ ಹೊರಡುವಾಗ ಹೇಳಿದ್ದಳು. ನಾನು ಇಬ್ಬರಿಗೂ ಕಿವಿಗೊಡಲಿಲ್ಲ. ಸ್ಟೀಲ್ ಚೈನಿನ ವಾಚು ಕಟ್ಟಿದ ಕೈ ಆಕಾಶದಲ್ಲಿ ಮಿಂಚಿದರೆ ಅದರ ಗತ್ತೇ ಬೇರೆ!

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಆ ಮೈದಾನದ ನೆಟ್ಟು ನಮ್ಮ ಅಂಗಡಿಯದೇ. “ತಿಮಿಂಗಿಲ ಬಿದ್ರೂ ಹರಿತಿಲ್ಲೆ!” ಎಂದು ಎದೆ ತಟ್ಟಿ ಕೊಟ್ಟ ನೈಲಾನ್.

ಪ್ರವೀಣ್ ಚೆಂಡನ್ನು ಎತ್ತಿಕೊಟ್ಟ. ಆಹಾ, ಎಂಥ ಲಿಫ್ಟ್! ಚೆಂಡು ನೆಟ್ಟಿನ ಮೇಲೆ, ನನಗಾಗಿಯೇ ಕಾಯುತ್ತಿರುವಂತೆ ನಿಂತಿತು. ನಾನು ಓಡಿದೆ. ಹಾರಿದೆ! ಭೂಮಿ ನನ್ನನ್ನು ಬಿಟ್ಟಿತು ಎಂದು ಹೇಳಲಾರೆ, ಸ್ವಲ್ಪ ಸಡಿಲ ಬಿಟ್ಟಿತು. ಕೈ ಬೀಸಿದೆ. ಚೆಂಡು ಅದರ ಪಾಡಿಗೆ ಅದು ಕೆಳಗಿಳಿದು ನನ್ನ ಬೋಳುತಲೆಯನ್ನು ಸವರಿಕೊಂಡು ಹೋಯಿತು. ನನ್ನ ಕೈ ಮಾತ್ರ ಸೀದಾ ನೆಟ್ಟಿನೊಳಗೆ ಹೋಯಿತು, ವಾಚಿನ ಚೈನು ನೈಲಾನಿಗೆ ಸಿಕ್ಕಿಕೊಂಡಿತು. ಮೈ ಕೆಳಗೆ ಬಂತು. ಕೈ ಮೇಲೆಯೇ ಉಳಿಯಿತು!

ನೆಟ್ಟು ಹರಿಯಲಿಲ್ಲ. ಬೇಕಾದರೆ ಈಗಲೂ ಹೋಗಿ ನೋಡಬಹುದು.

ತಂಡದ ಹುಡುಗರು ಓಡಿ ಬಂದು ನನ್ನ ಸೊಂಟ ಹಿಡಿದು ಎತ್ತಿದರು. ಪ್ರವೀಣ್ ಬಲೆಯಿಂದ ಕೊಡ್ಡಾಯಿ ಮೀನು ಬಿಡಿಸುವ ಹಾಗೆ ಒಂದೊಂದೇ ಕಣ್ಣಿ ಬಿಡಿಸಿ ನನ್ನನ್ನು ಮರಳಿನ ಮೇಲೆ ಕೂರಿಸಿದ.

ಅಲ್ಲಿಯವರೆಗೆ ನನ್ನ ಮೈಯಲ್ಲಿ ಎಲುಬುಗಳಿವೆ ಎಂಬುದು ನನಗೆ ಕೇಳಿ ಮಾತ್ರ ಗೊತ್ತಿತ್ತು. ಈಗ ಒಂದೊಂದೂ ಎದ್ದು ನಿಂತು ತನ್ನ ಹೆಸರು ಹೇಳತೊಡಗಿತು. ಹೆಗಲೆಲುಬು ‘ನಾನಿಲ್ಲಿದ್ದೇನೆ’ ಎಂದಿತು. ಮಂಡಿಚಿಪ್ಪು ತೆಂಗಿನಚಿಪ್ಪಿನ ಹಾಗೆ ಕಟಕಟ ಎಂದಿತು. ಬಂಗುಡೆ ತಿಂದು ಬೆಳೆದ ಮೀನಖಂಡ ಈಗಷ್ಟೇ ನೀರಿನಿಂದ ತೆಗೆದ ಮೀನಿನಂತೆ ಪಟಪಟ ಒದ್ದಾಡಿತು! ಎಲ್ಲಕ್ಕಿಂತ ಹೆಚ್ಚಾಗಿ ಕುತ್ತಿಗೆಯಿಂದ ಹೆಬ್ಬೆರಳ ತುದಿಯವರೆಗೆ ಒಂದು ಮಿಂಚು. ಕೈ ಇಳಿಬಿಟ್ಟರೆ ಮಿಂಚು, ಮಡಿಸಿದರೆ ಮಿಂಚು, ಚಾಚಿದರೆ ಗುಡುಗೂ ಸೇರಿ ಮಿಂಚು. ಒದ್ದಾಡುತ್ತಾ ಒದ್ದಾಡುತ್ತಾ ಅಂಗೈ ಹೇಗೋ ನೆತ್ತಿಯ ಮೇಲೆ ಬಂದು ಕುಳಿತಿತು. ಏನಾಶ್ಚರ್ಯ! ನೋವು ಸ್ವಿಚ್ ಆರಿಸಿದ ಹಾಗೆ ನಿಂತಿತು.

“ಡಾಕ್ಟ್ರ ಹತ್ರ ಹೋಪನಾ?” ಎಂದ ಪ್ರವೀಣ್.

“ಬೇಡ! ಯಾರಿಗೂ ಹೇಳ್ಬೇಡ! ಕುಷ್ಟಣ್ಣಂಗೆ ಗೊತ್ತಾದ್ರೆ ನನ್ ಮರ್ಯಾದಿ ಹೋತ್ತ್!”

ರಿಕ್ಷಾ ತರುತ್ತೇನೆಂದು ಅವನು ಹೋದ. ನಾನು ಮೈದಾನದ ಪಕ್ಕದ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ತಲೆಯ ಮೇಲೆ ಕೈ ಹೊತ್ತುಕೊಂಡು ಕುಳಿತೆ.

ಆಗ ನನಗೆ ಹೊಳೆಯದೇ ಹೋದದ್ದು ಒಂದೇ. ನಮ್ಮ ಕಡೆ ಮನುಷ್ಯ ಯಾವಾಗ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ? ಬೋಟು ಮುಳುಗಿದಾಗ. ಅಂಗಡಿ ಮುಳುಗಿದಾಗ. ಒಟ್ಟಿನಲ್ಲಿ ಏನಾದರೂ ಮುಳುಗಿದಾಗ!

ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ಬರುತ್ತಿದ್ದ ಅಪ್ಪಿ ನನ್ನನ್ನು ಕಂಡು ನಿಂತೇಬಿಟ್ಟಳು. ಈ ಅಪ್ಪಿಯ ಅಕ್ಕನನ್ನು ಕೊಟ್ಟದ್ದು ಹಂಗಾರಕಟ್ಟೆಗೆ, ಕುಷ್ಟಣ್ಣನ ಮನೆಯ ಪಕ್ಕಕ್ಕೇ.

“ಹ್ವಾಯ್ ಲೀಲಾಧರಣ್ಣ! ತಲಿ ಮೇಲೆ ಕೈ ಹೊತ್ಕಂಡ್ ಕೂತದ್ದ್ ಎಂತಕೆ?”

“ಎಂತ ಇಲ್ಲೆ ಅಪ್ಪಿ.”

“ಅಂಗ್ಡಿಯಂಗೆ ಎಂತಾರೂ ಆಯ್ತಾ?”

“ಇಲ್ಲೆ.”

“ಮನಿಯಂಗೆ ಎಲ್ಲ ಸಮ ಇದ್ರಲೆ?”

“ಇದ್ರ್.”

“ನಾಳೆ ಗಂಡಿನ್ ಕಡಿಯವ್ರ್ ಬಪ್ಪುದಲ್ದಾ?”

ಸರಿಯಾಗಿ ಅದೇ ಹೊತ್ತಿಗೆ, ಅವಳಿಗೆ ಅನುಮಾನ ಬಾರದಿರಲೆಂದು ನಾನು ಕೈ ಕೆಳಗಿಳಿಸಿದೆ. ಮಿಂಚು! ಕಣ್ಣಲ್ಲಿ ಬಳಬಳ ನೀರು! ಕೈ ಮತ್ತೆ ನೆತ್ತಿಗೆ! “ಹೌ… ಹೌದ್… ಬತ್ರ್…” ಎಂದು ನರಳಿದೆ.

“ಓ ದೇವ್ರೇ,” ಎಂದಳು ಅಪ್ಪಿ. ಅವಳಿಗೆ ಎಲ್ಲವೂ ಅರ್ಥವಾಗಿತ್ತು. ಅಂದರೆ, ಅರ್ಥವಾಗಬಾರದ್ದು ಎಲ್ಲವೂ.

ಮನೆಯಲ್ಲಿ ಪದ್ದು ಎಣ್ಣೆ ಕಾಯಿಸಿ ತಿಕ್ಕಿದಳು. ತಿಕ್ಕುವುದರಲ್ಲಿ ಆರೈಕೆ ಎಷ್ಟಿತ್ತು, ಸಿಟ್ಟು ಎಷ್ಟಿತ್ತು ಎಂದು ಹೇಳುವುದು ಕಷ್ಟ.

“ನಿಖಿತಂಗೆ ಹೇಳ್ಬೇಡ. ಅದ್ ಬೈತ್ತ್,” ಎಂದೆ.

“ನಾನ್ ಎಂತ, ಈಗ ನಿಮ್ಗೆ ಜೋಗುಳ ಹಾಡ್ತಾ ಇದ್ನಾ? ನಾಳೆ ಅವ್ರ್ ಬಪ್ಪತಿಗೆ ಈ ಕೈ ಕೆಳ್ಗೆ ಇರ್ಕ್! ಶುಭಕಾರ್ಯ ಮಾತಾಡುವತಿಗೆ ತಲಿ ಮೇಲೆ ಕೈ ಹೊತ್ತ್ರೆ ಯಾರಾರೂ ಎಂತ ತಿಳ್ಕಂಬುದ್?”

ಭಾನುವಾರ ಬೆಳಿಗ್ಗೆ ಮಗಳು ಬಸ್ಸಿಳಿದು ಬಂದಾಗ ನಾನು ಬಚ್ಚಲುಮನೆ ಸೇರಿದ್ದೆ. “ಅಪ್ಪಯ್ಯ ಇನ್ನೂ ಮೀತ್ರಾ?” ಎಂದು ಅವಳು ಕೇಳುವುದು, “ಇವತ್ ಚೂರ್ ಜಾಸ್ತಿ ಮೀತ್ರ್,” ಎಂದು ಪದ್ದು ಹೇಳುವುದು ಒಳಗೇ ಕೇಳಿಸಿತು. ಅವಳು ಸೀರೆ ಉಡಲು ಕೋಣೆ ಸೇರಿದ ಮೇಲೆ ನಾನು ಹೊರಬಿದ್ದು, ಅಂಗಿಗೆ ಒಂದೇ ತೋಳು ತೂರಿಸಿ, ಉಳಿದದ್ದನ್ನು ಹೊದ್ದುಕೊಂಡು ಮೇಲೊಂದು ಶಾಲು ಹಾಕಿ, ನೋಯುವ ಕೈಯನ್ನು ಹಲ್ಲು ಕಚ್ಚಿ ಅದರೊಳಗೆ ಅಡಗಿಸಿದೆ. ಕನ್ನಡಿಯಲ್ಲಿ ಸನ್ಮಾನ ಮಾಡಿಸಿಕೊಂಡವನ ಹಾಗೆ ಕಂಡೆ.

ಕಾರು ಬಂತು. ಯತೀಶ್ ಇಳಿದ, ಅವನ ತಾಯಿ ಕುಸುಮಕ್ಕ ಇಳಿದರು. ಕುಷ್ಟಣ್ಣ ಮಾತ್ರ ಬಹಳ ಹೊತ್ತು ಇಳಿಯಲಿಲ್ಲ. ಇಳಿದ ಮೇಲೆ ಮುಖ ಬಿಗಿದುಕೊಂಡು ಅಂಗಳದಲ್ಲಿ ಎರಡು ಕಾಲನ್ನೂ ಮರದ ಕಂಬದಂತೆ ಎಳೆಯುತ್ತಾ ಬಂದರು. ಚಾವಡಿಯ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಹತ್ತಿದರು. ವಾಸ್ತು ನೋಡುತ್ತಿದ್ದಾರೇನೋ ಎಂದುಕೊಂಡೆ.

“ಬನಿ ಬನಿ, ಕೂಕಣಿ ಕುಷ್ಟಣ್ಣ!”

“ಬೇಡ. ನಾನ್ ನಿಂತೇ ಇರ್ತೆ.”

“ಎಂತದ್ ಮಾರಾಯ್ರೆ, ಈ ದೊಡ್ ಕುರ್ಚಿಯಂಗೆ ಕೂಕಣಿ.”

“ಬೇಡ ಅಂದ್ನಲ್ದಾ!”

ಪದ್ದುವಿನ ಮುಖ ಬಾಡಿತು. ಸಂಬಂಧ ಮಾತಾಡಲು ಬಂದವರು ಕೂರದೆ ನಿಂತರು ಎಂದರೆ ಅರ್ಥವೇನು? ‘ಇಲ್ಲ’ ಎಂದು ಹೇಳಿ ಹೋಗಲು ಬಂದಿದ್ದಾರೆ ಎಂದೇ! ಒಳಗೆ ಮಗಳು ಕನ್ನಡಿಯ ಮುಂದೆ ಹಾಡು ಗುನುಗುತ್ತಿದ್ದದ್ದು ಹೊರಗೆ ಕೇಳುತ್ತಿತ್ತು. ಅದನ್ನು ಕೇಳುವಾಗ ನನ್ನ ಭುಜಕ್ಕಿಂತ ಬೇರೆಲ್ಲೋ ನೋವಾಯಿತು.

ಕುಸುಮಕ್ಕನೇ ಮಾತು ತೆಗೆದರು. “ಹಂಗಾರೆ ಮದಿ ಮಳ್ಗಾಲ ಕಳ್ದ್ ಮೇಲೆ ಇಡುವನಾ?”

‘ಆಗಲಿ’ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಅಪ್ಪಣೆಯಿಲ್ಲದೆ ಕೈ ತಲೆಗೆ ಹೋಯಿತು. ಕುಷ್ಟಣ್ಣನ ಹುಬ್ಬು ಮೇಲೆ ಹೋಯಿತು.

“ಬೇಡದಿದ್ರೆ ಅದ್ಕೂ ಮೊದ್ಲೇ ಇಡ್ಲಕ್ಕ್,” ಎಂದರು ಕುಸುಮಕ್ಕ.

ಪದ್ದು ಶಾಲಿನ ಮರೆಯಲ್ಲಿ ನನ್ನ ಕೈ ಹಿಡಿದು ಕೆಳಗೆಳೆದಳು. “ಅಯ್ಯಯ್ಯೋ!” ಎಂದು ಚಾವಡಿ ಹಾರುವಂತೆ ಕೂಗಿದೆ. ಕೈ ಮತ್ತೆ ತಲೆಗೆ!

“ನಮ್ ಬದಿಂದ ದಿಬ್ಬಣ ಚೂರ್ ದೊಡ್ಡದ್…” ಎಂದು ಯತೀಶ್ ಮೆಲ್ಲಗೆ ಹೇಳಿದ. ಈ ಸಲ ನನ್ನ ಕಣ್ಣಲ್ಲಿ ನೀರೂ ಬಂತು.

ಕುಷ್ಟಣ್ಣನ ತಾಳ್ಮೆ ಮುಗಿಯಿತು. “ಸಾಕ್ ಲೀಲಾಧರಣ್ಣ! ನಮ್ಗೆ ಬೆಳಿಗ್ಗೆಯೇ ಸುದ್ದಿ ಬಂದಿತ್. ನಿನ್ನೆ ನೀವ್ ನಾಳೆ ಗಂಡಿನ್ ಕಡಿಯವ್ರ್ ಬತ್ರ್ ಅಂದೇಳಿ ಬಸ್‌ಸ್ಟ್ಯಾಂಡಂಗೆ ತಲಿ ಮೇಲೆ ಕೈ ಹೊತ್ಕಂಡ್ ಕಣ್ಣೀರ್ ಹಾಕಿ ಮರ್ಕಿದ್ರಿ ಅಂಬ್ರ್! ನಾನ್ ನಂಬ್ಲಿಲ್ಲ. ಈಗ ಕಣ್ಣಾರೆ ಕಂಡೆ. ನಮ್ ಸಂಬಂಧ ನಿಮ್ಗೆ ಅಷ್ಟ್ ಭಾರ ಆಯ್ತಾ?”

“ನನ್ ಕೈ ಸುದ್ದಿ ಬಿಡಿ!” ಎಂದೆ ನಾನೂ. ಹೆಣ್ಣಿನ ಅಪ್ಪ ತಗ್ಗಬಾರದಲ್ಲ! “ನಿಮ್ಗೆ ನಮ್ ಮನಿ ಕುರ್ಚಿ ಮೇಲೆ ಕೂಕಂಬುಕೂ ಮನ್ಸಿಲ್ಲೆ! ಬಂದಲ್ಲಿಂದ ಕಂಬದ್ ಹಂಗೆ ನಿಂತಿದ್ರಿ!”

“ಕುಸುಮಾ, ಏಳ್! ಹೋಪ!”

ಕುಷ್ಟಣ್ಣ ಭರದಿಂದ ತಿರುಗಿ ಮೆಟ್ಟಿಲ ತುದಿಗೆ ಹೋದರು. ಹೋಪ ಎಂದವರು ಹೋಗಲಿಲ್ಲ. ಒಂದು ಕಾಲನ್ನು ಚೂರು ಎತ್ತಿದರು, ಇಟ್ಟರು. ಇನ್ನೊಂದನ್ನು ಎತ್ತಿದರು, ಇಟ್ಟರು. ಕೆಳಗಿನ ಮೆಟ್ಟಿಲನ್ನು ಬಾವಿಯ ತಳ ನೋಡುವ ಹಾಗೆ ನೋಡಿದರು.

“ಯತೀಶಾ,” ಎಂದರು ಸಣ್ಣ ದನಿಯಲ್ಲಿ, “ಚೂರ್ ಹಿಡ್ಕ.”

ಆಗಲೇ ನಿಖಿತಾ ಚಹಾದ ತಟ್ಟೆ ಹಿಡಿದು ಹೊರಗೆ ಬಂದದ್ದು. ಹುಡುಗಿ ತಲೆ ತಗ್ಗಿಸಿ ನಾಚಿಕೊಳ್ಳಬೇಕಾದ ಹೊತ್ತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ಕುಷ್ಟಣ್ಣನನ್ನು ನೋಡಿದಳು, ತಟ್ಟೆಯನ್ನು ಯತೀಶನ ಕೈಗೆ ಕೊಟ್ಟಳು.

“ಅಪ್ಪಯ್ಯ, ಕುತ್ತಿಗಿಂದ ಹೆಬ್ಬೆರಳ್ ತನಕ ನೋವಾ?”

“ಹೌದ್.”

“ಕೈ ತಲಿ ಮೇಲಿಟ್ರೆ ಹಿತ?”

“ಸ್ವರ್ಗ!”

“ಕುತ್ತಿಗಿ ಹತ್ರ ನರ ಎಳದಿತ್ತ್. ಕೈ ಮೇಲಿಟ್ರೆ ಎಳೆತ ಕಮ್ಮಿ, ಅದ್ಕೆ ಹಿತ. ವಾಲಿಬಾಲ್ ಆಡದ್ರಿ ಅಲ್ದಾ?”

ನಾನು ನೆಲ ನೋಡಿದೆ. ಅವಳು ಆ ಕಡೆ ತಿರುಗಿದಳು.

“ಮಾವ, ನಿಮ್ಗೆ ಮೆಟ್ಲ್ ಹತ್ತುಕಿಂತ ಇಳುಕೆ ಕಷ್ಟ. ಕೂಕಂಡ್ರೆ ಏಳುಕ್ ಆತಿಲ್ಲೆ. ಹೌದಾ?”

ಕುಷ್ಟಣ್ಣನ ಬಿಗಿದ ಮುಖ ಕರಗಿತು. “ನಿಂಗ್ ಹ್ಯಾಂಗ್ ಗೊತ್ತಾಯ್ತ್ ಮಗಾ?”

“ತೊಡಿ ಮುಂದಿನ್ ಸ್ನಾಯು ಪೂರ್ತಿ ಹಿಡ್ಕಂಡಿತ್ತ್. ಬಗ್ಗಿ ಬಗ್ಗಿ ಡಿಫೆನ್ಸ್ ಪ್ರಾಕ್ಟೀಸ್ ಮಾಡ್ದ್ರಾ?”

ಅಲ್ಲಿಯವರೆಗೆ ಬಾಯಿಗೆ ಸೆರಗು ಒತ್ತಿಕೊಂಡಿದ್ದ ಕುಸುಮಕ್ಕ ಸ್ಫೋಟಗೊಂಡರು. “ಆ ಮದಿ ಊಟ ಆದ್ ಮೇಲೆ ಇವ್ರಿಗೆ ಮರ್ಲ್ ಹಿಡ್ದಿತ್ತ್! ದಿನಾ ಬೋಟಿನ್ ಶೆಡ್ಡಿನ್ ಗೋಡಿಗೆ ಬಾಲ್ ಹೊಡುದ್, ಕುಕ್ಕರ್‌ಗಾಲಂಗೆ ಕೂಕಂಡ್ ಹಿಡುದ್! ಲೀಲಾಧರಣ್ಣನ ಸ್ಮ್ಯಾಷ್ ಹಿಡೂಕ್ ಅಂಬ್ರ್! ನಿನ್ನೆಯಿಂದ ಪಾಯ್ಖಾನಿಯಂಗೆ ಕೂ‌ಕಂಡ್ರೆ ನಾನೂ ಯತೀಶನೂ ಎಳದ್ ಎಬ್ಸುದ್! ಇಲ್ಲಿ ಕುರ್ಚಿಯಂಗೆ ಕೂಕಂಡ್ ಏಳುಕಾಯ್ದಿದ್ರೆ ಮರ್ಯಾದಿ ಹೋತ್ತ್, ಅದ್ಕೆ ನಿಂತೇ ಇರ್ತೆ ಅಂದ್ರ್!”

ನಾನು ಕುಷ್ಟಣ್ಣನನ್ನು ನೋಡಿದೆ. ಕುಷ್ಟಣ್ಣ ನನ್ನನ್ನು ನೋಡಿದರು.

“ನಿಮ್ದ್ ಹೆಗಲಾ?” ಎಂದರು.

“ನಿಮ್ದ್ ತೊಡಿಯಾ?” ಎಂದೆ.

“ಬಾಲ್ ನೆಲ ಮುಟ್ತಾ?”

“ಬಾಲ್ ಮುಟ್ಟಿತ್ತ್. ನಾನೂ ಮುಟ್ಟಿದೆ.”

ಅವರು ಗೊಳ್ಳೆಂದು ನಕ್ಕರು. ನಕ್ಕ ಭರಕ್ಕೆ ಮಂಡಿ ಕುಸಿದು, ಯತೀಶ್ ತಟ್ಟೆ ಬಿಟ್ಟು ಹಿಡಿಯುವಷ್ಟರಲ್ಲಿ ದೊಡ್ಡ ಕುರ್ಚಿಯಲ್ಲಿ ಧೊಪ್ಪನೆ ಕುಳಿತರು. ಚಹಾ ಎಲ್ಲಾ ನೆಲಕ್ಕೆ. ಆದರೂ ಪದ್ದುವಿನ ಮುಖದಲ್ಲಿ ಬೆಳಕು ಬಂತು. ಗಂಡಿನ ಅಪ್ಪ ಅಂತೂ ಕೂತರಲ್ಲ!

ಮತ್ತೆ ಚಹಾ ಆಯಿತು. ಕುಷ್ಟಣ್ಣನ ಎರಡು ತೊಡೆಗೂ ಬಿಸಿನೀರಿನ ಚೀಲ, ನನ್ನ ಕುತ್ತಿಗೆಗೆ ಒಂದು ದಿಂಬು ಬಂತು. ಮರುದಿನವೇ ಡಾಕ್ಟರಿಗೆ ತೋರಿಸಬೇಕೆಂದು ಮಗಳ ಆಜ್ಞೆಯಾಯಿತು. ಮದುವೆ ಮಳೆಗಾಲ ಕಳೆದ ಮೇಲೆ ಎಂದು ತೀರ್ಮಾನವಾಯಿತು. ನಾನು ತಲೆಯ ಮೇಲೆ ಕೈ ಹೊತ್ತುಕೊಂಡೇ ಎಲ್ಲದಕ್ಕೂ ಒಪ್ಪಿದೆ.

ಹೊರಡುವ ಹೊತ್ತಿಗೆ ಪದ್ದು ಹಿಂಜರಿಯುತ್ತಾ ಕೇಳಿದಳು. “ಕುಸುಮಕ್ಕ, ನಿಮ್ ಬದಿಂದ ಎಂತಾರೂ ಕೇಂಬುದಿದ್ರೆ ಈಗ್ಲೇ ಹೇಳಿ. ಮತ್ತೆ ಮನ್ಸಂಗೆ ಇಟ್ಕಂಬುದ್ ಬೇಡ.”

“ನಮ್ಗೆ ಬಂಗಾರ ಬೇಡ, ಎಂತದೂ ಬೇಡ,” ಎಂದರು ಕುಸುಮಕ್ಕ. “ಆದ್ರೆ ಒಂದ್ ಮಾತ್ ಮಾತ್ರ ನಡ್ಸಿ ಕೊಡ್ಕ್.”

ನನ್ನ ಇನ್ನೊಂದು ಕೈಯೂ ತಲೆಗೆ ಹೋಯಿತು.

“ಧಾರಿ ಎರುವತಿಗೆ ಹೆಣ್ಣಿನ್ ಅಪ್ಪನ್ ಕೈ ಕೆಳ್ಗೆ ಇದ್ರೆ ಸಾಕ್!”

ಇಡೀ ಚಾವಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರು ನಗು ಪದ್ದುವಿನದೇ. ಮರ್ಯಾದೆಗಾದರೂ ನಗೋಣವೆಂದು ನಾನೂ ಹೊರಟೆ. “ಹ” ಎನ್ನುವಷ್ಟರಲ್ಲಿ ಪಕ್ಕೆಯಿಂದ ಹೊಟ್ಟೆಯವರೆಗೆ ಛಳಕ್ ಎಂದಿತು.

“ಅಪ್ಪಯ್ಯ, ನೀವ್ ನಗ್ಬೇಡಿ!” ಎಂದು ನಿಖಿತಾ ಓಡಿ ಬಂದಳು. “ನಗುಕೂ ಸ್ನಾಯು ಬೇಕ್!”